ಮರಳಿನ ಪೆಟ್ಟಿಗೆಯೂ ಟೋಪೋಶೀಟೂ

ನಕ್ಷೆ ಓದುವ ಪಾಠಕ್ಕೆ ಆಗ್ಮೆಂಟೆಡ್ ರಿಯಾಲಿಟಿ (ಎದುರಿಗಿರುವ ವಸ್ತುವಿನ ಮೇಲೆ ಕಂಪ್ಯೂಟರ್ ಚಿತ್ರ ಮೂಡಿಸುವ ತಂತ್ರ) ಅಂದ ಕೂಡಲೇ ತಲೆಗೆ ಹಾಕುವ ದಪ್ಪ ಕನ್ನಡಕವೇ ನೆನಪಾಗುತ್ತದೆ, ಅಲ್ವಾ? ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನಗೆ ಹಿಡಿಸಿದ್ದು ಮಾತ್ರ ಒಂದು ಮರಳಿನ ಪೆಟ್ಟಿಗೆ.

ಇಲ್ಲಿನ ಯುಸಿ ಡೇವಿಸ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಮರಳಿನ ಮೇಲುಗಡೆ ಒಂದು ಕಿನೆಕ್ಟ್ (ದೂರ ಅಳೆಯುವ ಮೈಕ್ರೋಸಾಫ್ಟ್ ಕ್ಯಾಮೆರಾ), ಒಂದು ಪ್ರೊಜೆಕ್ಟರ್. ಮರಳು ಎಲ್ಲಿ ಎಷ್ಟು ಎತ್ತರ ಇದೆ ಅಂತ ಕ್ಯಾಮೆರಾ ಅಳೆಯುತ್ತಲೇ ಇರುತ್ತದೆ. ಅದಕ್ಕೆ ತಕ್ಕ ಬಣ್ಣ, ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಮರಳಿನ ಮೇಲೇ ಮೂಡುತ್ತವೆ. ಗುಡ್ಡದ ಬದಿಯನ್ನು ಕಡಿದಾಗಿ ಮಾಡಿದರೆ ಗೆರೆಗಳು ಒತ್ತೊತ್ತಾಗುತ್ತವೆ. ಬೆರಳಲ್ಲಿ ಕಣಿವೆ ಕೊರೆದರೆ ಗೆರೆಯ ಮೂತಿ ಗುಡ್ಡದ ಮೇಲ್ಗಡೆಗೆ ಚೂಪಾಗುತ್ತದೆ. ಮೇಲೆ ಅಂಗೈ ಚಾಚಿದರೆ ಮಳೆ! ನೀಲಿ ನೀರು ಇಳಿಜಾರು ಹುಡುಕಿಕೊಂಡು ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ. ಸುತ್ತ ನಿಂತವರಿಗೆಲ್ಲ ಅದೇ ಕಾಣುತ್ತದೆ, ಯಾರೂ ಏನೂ ಹಾಕಿಕೊಳ್ಳಬೇಕಿಲ್ಲ.

ಊರಲ್ಲಿ ನಾವು ಕಲಿತ ರೀತಿ ಬೇರೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟು (ನೆಲದ ಏರಿಳಿತ ತೋರಿಸುವ ಕಾಗದದ ನಕ್ಷೆ), ಅದರ ಮೇಲೆ ಟ್ರೇಸಿಂಗ್ ಪೇಪರು. 20 ಮೀಟರ್ ಎತ್ತರಕ್ಕೊಂದು ಕಂದು ಗೆರೆ. ಘಟ್ಟದ ಶೀಟು ಸಿಕ್ಕರಂತೂ ಮುಗೀತು, ಕಾಫಿ ಚೆಲ್ಲಿದ ಹಾಗೆ ಗೆರೆಯೆಲ್ಲ ಒಂದೇ ಕಲೆ. ಕಾಗದದ ಪಟ್ಟಿ ಇಟ್ಟು, ಗುರುತು ಹಾಕಿ ಕ್ರಾಸ್ ಸೆಕ್ಷನ್ (ಗುಡ್ಡವನ್ನು ಅಡ್ಡ ಸೀಳಿದರೆ ಕಾಣುವ ಆಕಾರ) ಎಳೆಯುತ್ತಿದ್ದೆವು. ಮಾರ್ಕ್ಸೂ ಬರುತ್ತಿತ್ತು. ಆದರೆ ಆ ಗುಡ್ಡ ಹೇಗಿದೆ ಅಂತ ಎಷ್ಟು ಜನರಿಗೆ ಗೊತ್ತಾಗುತ್ತಿತ್ತೋ!

ಹಾಗಂತ ಇಲ್ಲಿನದೇ ಮೇಲು ಅನ್ನಲ್ಲ. ಪೆಟ್ಟಿಗೆ ಮುಂದೆ ಪಟಪಟ ಉತ್ತರ ಹೇಳುವ ಹುಡುಗರು ಕಾಗದದ ನಕ್ಷೆ ಕೈಗೆ ಬಂದರೆ ತಡಕಾಡುತ್ತಾರೆ. ಫೀಲ್ಡಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗೋಕಾಗುತ್ತಾ? ಅಲ್ಲಿ ನಮ್ಮ ಟ್ರೇಸಿಂಗಿನ ಅಭ್ಯಾಸವೇ ಬೇಕು.

ನಮ್ಮ ಡಿಗ್ರಿ ಕಾಲೇಜುಗಳು ಕನ್ನಡಕದ ಹಿಂದೆ ಬೀಳಬಾರದು ಅನ್ನೋದು ಮಾತ್ರ ನನಗೆ ಖಾತ್ರಿ. ಅಂಥದೇ ಕನ್ನಡಕ, ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2 ಬಂದಾಗ ಒಂದಕ್ಕೆ 3,500 ಡಾಲರ್. 2024ರಲ್ಲಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿದರು. ಕಿನೆಕ್ಟನ್ನೂ 2017ರಲ್ಲೇ ನಿಲ್ಲಿಸಿದ್ದಾರೆ, ನಿಜ. ಆದರೆ ಅದು ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಪೆಟ್ಟಿಗೆಯ ಸಾಫ್ಟ್‌ವೇರ್ ಉಚಿತ, ಲಿನಕ್ಸಿನಲ್ಲಿ ಓಡುತ್ತದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಒಂದು ಬೇಕು. ಪ್ರೊಜೆಕ್ಟರ್ ಎಷ್ಟೋ ಕಾಲೇಜುಗಳಲ್ಲಿ ಇದ್ದೇ ಇದೆ. ನಮ್ಮ ಕಡೆಯ ರೇಟು ನೋಡಿದರೆ ಮರಳೇ ದುಬಾರಿ ಅನಿಸಬಹುದು ಬಿಡಿ.

ಪ್ರಾಕ್ಟಿಕಲ್ಲಿನಲ್ಲಿ ಕ್ರಾಸ್ ಸೆಕ್ಷನ್ ಎಳೆಸುವ ಮೊದಲು ಪ್ರೊಜೆಕ್ಟರ್ ಆಫ್ ಮಾಡಿ, ಶೀಟಿನಲ್ಲಿರುವ ಗುಡ್ಡವನ್ನು ಮರಳಲ್ಲಿ ಕಟ್ಟಲು ಹೇಳಲಿ. ಆಮೇಲೆ ಸ್ವಿಚ್ ಹಾಕಿದರೆ ಶೀಟಿನ ಗೆರೆ, ಮರಳಿನ ಗೆರೆ ಎರಡೂ ತಾಳೆಯಾಗುತ್ತವೋ ಇಲ್ಲವೋ ಹುಡುಗರೇ ನೋಡಿಕೊಳ್ಳುತ್ತಾರೆ.