ವಿಲನ್‌ಗೆ ಬೆಳಗಿನ ಸ್ಲಾಟು, ಹೀರೋಗೆ ಮಧ್ಯಾಹ್ನದ್ದು

ಸಿನಿಮಾದಲ್ಲಿ ಕಥೆ ಇಲ್ಲದಿದ್ದರೂ ನನಗೆ ನಡೆಯುತ್ತದೆ. ಚೇಸ್ ಇರಬೇಕು. 1968ರ ಹಾಲಿವುಡ್ ಸಿನಿಮಾ ‘ಬುಲಿಟ್’ ಅನ್ನು ಇವತ್ತಿಗೂ ಕೂತು ನೋಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಏರು ತಗ್ಗಿನ ಬೀದಿಗಳು, ಹೀರೋ ಸ್ಟೀವ್ ಮೆಕ್‌ಕ್ವೀನ್‌ನ ಮಸ್ಟಾಂಗ್ ಕಾರು, ಹತ್ತು ನಿಮಿಷ ಅಟ್ಟಾಟ. ಡೈಲಾಗ್ ಇಲ್ಲ, ಬರೀ ಇಂಜಿನ್ ಸದ್ದು. ಪಾಪ, ಅದರಲ್ಲಿ ಒಂದೇ ಹಸಿರು ಬೀಟಲ್ ಕಾರನ್ನು ಮತ್ತೆ ಮತ್ತೆ ಓವರ್‌ಟೇಕ್ ಮಾಡುತ್ತಾರೆ. ವಿಲನ್ ಕಾರಿನ ವೀಲ್ ಕ್ಯಾಪ್‌ಗಳು ಇದ್ದದ್ದಕ್ಕಿಂತ ಜಾಸ್ತಿ ಉದುರುತ್ತವೆ. ಒಂದೇ ಓಟವನ್ನು ನಾಲ್ಕಾರು ಕಡೆಯಿಂದ ತೆಗೆದು ಜೋಡಿಸಿದರೆ ಇನ್ನೇನಾಗುತ್ತೆ? ಆದರೂ ಸಂಕಲನಕ್ಕೆ ಆಸ್ಕರ್ ಬಂತು.

ಇಂಥದ್ದೊಂದು ನಮ್ಮ ಚಿಕ್ಕಮಗಳೂರಲ್ಲಿ ಯಾಕಾಗಬಾರದು ಅಂತ ನನ್ನ ಹಳೇ ಆಸೆ. ಮುಳ್ಳಯ್ಯನಗಿರಿ ಇದೆ, 1,930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಹಾವಿನಂಥ ರಸ್ತೆ. ಇನ್ನೇನು ಬೇಕು ಅಲ್ವಾ?

ಬುಕಿಂಗ್ ಬೇಕು. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಹೋಗುವ ಗಾಡಿಗಳು ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಬರೆಸಬೇಕು. ಬೆಳಗ್ಗೆ 600, ಮಧ್ಯಾಹ್ನ 600. ಈಗ ಊಹಿಸಿಕೊಳ್ಳಿ. ವಿಲನ್ ಕೈಮರ ಚೆಕ್‌ಪೋಸ್ಟ್ ದಾಟಿ ಹೋಗಿದ್ದಾನೆ. ಹಿಂದೆಯೇ ಧೂಳೆಬ್ಬಿಸಿಕೊಂಡು ಹೀರೋ ಬಂದ.

‘ಸಾರ್, ನಿಮ್ದು ಮಧ್ಯಾಹ್ನದ ಸ್ಲಾಟು.’

‘ಅವನು ನಮ್ಮಪ್ಪನ್ನ ಕೊಂದವನು ಕಣಯ್ಯಾ!’

‘ಇರಬಹುದು ಸಾರ್. ಆದ್ರೆ ಅವರು ಬೆಳಗ್ಗೆಗೇ ಬುಕ್ ಮಾಡಿದಾರೆ. ಪಕ್ಕಕ್ಕೆ ಹಾಕ್ಕೊಳ್ಳಿ, ಹಿಂದೆ ಗಾಡಿ ನಿಂತಿದಾವೆ.’

ಹೀರೋ ಪೇಟೆಗೆ ವಾಪಸ್ ಬಂದು ಎರಡು ಇಡ್ಲಿ, ಒಂದು ವಡೆ ತಿಂದು ಕಾಯುತ್ತಾನೆ. ಅಷ್ಟರಲ್ಲಿ ವಿಲನ್ ಮೆಟ್ಟಿಲು ಹತ್ತಿ, ದೇವರಿಗೆ ಕೈಮುಗಿದು, ಮಂಜಿನಲ್ಲಿ ನಾಲ್ಕು ಫೋಟೊ ತೆಗೆಸಿಕೊಂಡು ಇಳಿದು ಬರುತ್ತಾನೆ. ಕೈಮರದಲ್ಲಿ ಇಬ್ಬರೂ ಎದುರುಬದುರು. ಹೀರೋ ಗಾಡಿ ತಿರುಗಿಸುವ ಹಾಗಿಲ್ಲ, ತಿರುಗಿಸಿದರೆ ಸ್ಲಾಟು ಹೋಯಿತು. ವಿಲನ್‌ನ ಹತ್ತು ಸುಮೋಗಳ ಕಥೆ ಬೇರೆ. ಮೂರಕ್ಕೆ ಬುಕಿಂಗ್ ಸಿಗದೆ ರೌಡಿಗಳು ಬಾಡಿಗೆ ಜೀಪು ಹುಡುಕುತ್ತಿದ್ದಾರೆ.

1971ರ ‘ಫ್ರೆಂಚ್ ಕನೆಕ್ಷನ್’ ಚೇಸ್‌ನಲ್ಲಿ ಎಷ್ಟೋ ಭಾಗವನ್ನು ನ್ಯೂಯಾರ್ಕ್ ಬೀದಿಗಳಲ್ಲಿ ಅನುಮತಿಯೇ ಇಲ್ಲದೆ ತೆಗೆದರು. ಕೆಲಸಕ್ಕೆ ಹೊರಟಿದ್ದ ಯಾರದೋ ಕಾರಿಗೆ ನಿಜವಾಗಿಯೇ ಗುದ್ದಿದರು. ರಿಪೇರಿ ಖರ್ಚು ಕೊಟ್ಟು ದೃಶ್ಯವನ್ನು ಹಾಗೇ ಇಟ್ಟುಕೊಂಡರು. ನಮ್ಮಲ್ಲಿ ಕನ್ನಡಿ ತಾಗಿದರೆ ಸಾಕು, ಇಬ್ಬರೂ ಗಾಡಿ ನಡುರಸ್ತೆಯಲ್ಲೇ ಬಿಟ್ಟು ಇಳಿಯುತ್ತಾರೆ. ‘ನಾನ್ಯಾರು ಗೊತ್ತಾ?’ ಶುರುವಾಗುತ್ತದೆ. ಅದು ಮಾತ್ರ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ.

ಸ್ಲಾಟು ಸುಮ್ನೆ ಬರಲಿಲ್ಲ, ಅದನ್ನೂ ಹೇಳಬೇಕು. ಬುಕಿಂಗ್ ಬರುವ ಮುಂಚೆ ಒಂದು ಭಾನುವಾರ, ನೆಂಟರನ್ನು ಕೂರಿಸಿಕೊಂಡು ನನ್ನ ಹಳೇ ಹಸಿರು ಮಾರುತಿಯಲ್ಲಿ ಗಿರಿಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಗಾಡಿಗಳ ಸಾಲು ನಿಂತಿತು. ಇಂಜಿನ್ ಆಫ್ ಮಾಡಿ ಕೋಡುಬಳೆ ಡಬ್ಬಿ ಬಿಚ್ಚಿದೆವು. ಹಿಂದಿದ್ದ ದೊಡ್ಡ ಕಾರಿನ ಸನ್‌ರೂಫಿನಿಂದ ಕಪ್ಪು ಕನ್ನಡಕದ ಹುಡುಗನೊಬ್ಬ ಮೇಲೆದ್ದ. ಕೈಯಲ್ಲಿ ಫೋನು. ಕಾರು ರಾಂಗ್ ಸೈಡಲ್ಲಿ ನನ್ನನ್ನು ದಾಟಿ ಮುಂದೆ ಹೋಯಿತು. ಎದುರಿಗೆ ಜೀಪು ಬಂತು. ರಿವರ್ಸ್ ತೆಗೆದು ಮತ್ತೆ ನನ್ನ ಹಿಂದೆ ಬಂತು. ಮತ್ತೆ ಮುಂದೆ, ಮತ್ತೆ ಜೀಪು, ಮತ್ತೆ ಹಿಂದೆ. ನಮ್ಮ ಡಬ್ಬಿ ಖಾಲಿಯಾಗುವವರೆಗೂ ಇದೇ ಆಟ.

ವಾರವಾದ ಮೇಲೆ ತಂಗಿ ಮಗ ಓಡಿ ಬಂದ. ‘ಮಾವ, ನಿಮ್ಮ ಕಾರು ರೀಲ್ಸಲ್ಲಿ ಬಂದಿದೆ!’ ನೋಡಿದೆ. ಡೋಲು, ಗುಡುಗು, ಕಾರು ಗಾಳಿಯಂತೆ ಹಾರುತ್ತಿದೆ. ಮೂವತ್ತು ಸೆಕೆಂಡಿನಲ್ಲಿ ನನ್ನ ಹಸಿರು ಮಾರುತಿಯನ್ನು ನಾಲ್ಕು ಸಲ ಓವರ್‌ಟೇಕ್ ಮಾಡಿದ್ದಾನೆ. ನಾಲ್ಕೂ ಸಲ ಕಿಟಕಿಯಲ್ಲಿ ನಾನು ಕೋಡುಬಳೆ ಕಡಿಯುತ್ತಿದ್ದೇನೆ.