ಹಾಯಿದೋಣಿಗೆ ಡ್ರೋನ್ ಒಯ್ಯುವವರಿಗೆ

ಗಲ್ಫಿನ ಶಾಲೆಗಳಿಗೆ ಜುಲೈ ರಜೆ ಹತ್ತಿರ ಬಂತೆಂದರೆ ಇನ್‌ಬಾಕ್ಸಿಗೆ ಅದೇ ಪ್ರಶ್ನೆ ಬರುತ್ತದೆ. ನಮ್ಮ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯವರು ಅಲ್ಲಿಂದ ಗ್ರೀಸ್, ಟರ್ಕಿ ಅಂತ ಹೋಗಿ, ಎರಡು ಮೂರು ಸಂಸಾರ ಸೇರಿ ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪ ಸುತ್ತುತ್ತಾರೆ. ಹೊರಡುವ ಮೊದಲು ಕೇಳುತ್ತಾರೆ, "ಅಣ್ಣಾ, ಡ್ರೋನ್ ಒಯ್ಯಲಾ, ಬೇಡ್ವಾ?"

ಒಯ್ಯಿ ಅಂತಲೇ ನಾನು ಹೇಳುತ್ತೇನೆ. ಆದರೆ ಒಂದು ಮಾತಿಗೆ ಒಪ್ಪಿದರೆ ಮಾತ್ರ. ದೋಣಿಯಿಂದ ಡ್ರೋನ್ ಮೇಲೆ ಹೋಯಿತೆಂದರೆ ಇಡೀ ದೋಣಿಗೆ ಕೆಲಸ ಬಿತ್ತು ಅಂತ ಲೆಕ್ಕ. ಒಬ್ಬ ಹಾರಿಸಬೇಕು, ಒಬ್ಬ ಹಿಡಿಯಬೇಕು, ದೋಣಿ ನಡೆಸುವವನು ಅದಕ್ಕೆ ಸರಿಯಾಗಿ ದಿಕ್ಕು, ವೇಗ ಹಿಡಿದುಕೊಂಡಿರಬೇಕು. ಹಾಗಾಗಿ ಸ್ಕಿಪ್ಪರ್ ಹೂಂ ಅನ್ನದೆ ಅದನ್ನು ಬ್ಯಾಗಿನಿಂದ ತೆಗೆಯಬಾರದು. ಬೇಡ ಅಂದರೆ ಬೇಡ. ಯಾಕೆ ಅಂತ ಜಗಳಕ್ಕೆ ನಿಲ್ಲಬಾರದು.

ಗದ್ದೆಯಲ್ಲಿ, ಮೈದಾನದಲ್ಲಿ ಹಾರಿಸಿ ಚೆನ್ನಾಗಿ ಪಳಗಿದವರಿಗೂ ಒಂದು ವಿಷಯ ಮೊದಲಿಗೆ ಹೊಳೆಯುವುದಿಲ್ಲ. ಡ್ರೋನ್ ಏರುವಾಗ ತಾನು ಹೊರಟ ಜಾಗವನ್ನು ಜಿಪಿಎಸ್ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಸಿಗ್ನಲ್ ತಪ್ಪಿದರೆ, ಬ್ಯಾಟರಿ ಇಳಿದರೆ, ನಾವೇ ವಾಪಸ್ ಬಾ ಅಂತ ಬಟನ್ ಒತ್ತಿದರೆ, ಅದು ಹೋಗುವುದು ಆ ಜಾಗಕ್ಕೆ. ನೆಲದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೆ ದೋಣಿ ನಿಂತಲ್ಲಿ ನಿಲ್ಲುತ್ತದಾ? 5 ನಾಟ್ ವೇಗದಲ್ಲಿ ಹಾಯಿ ಎಳೆಯುತ್ತಿದ್ದರೆ ಗಂಟೆಗೆ 9 ಕಿ.ಮೀ. ಚಿಲ್ಲರೆ ಆಯಿತು. 10 ನಿಮಿಷ ಹಾರಿಸಿದರೆ ಅಷ್ಟರಲ್ಲಿ ದೋಣಿ ಒಂದೂವರೆ ಕಿ.ಮೀ. ಮುಂದೆ ಹೋಗಿರುತ್ತದೆ. ಡ್ರೋನ್ ಮಾತ್ರ ನಂಬಿಕೆಯಿಂದ ಹಳೇ ಜಾಗಕ್ಕೇ ಹೋಗಿ ನೀರಿಗಿಳಿಯುತ್ತದೆ.

ಇದನ್ನು ನಾನು ನೋಡಿದ್ದು ಗ್ರೀಸಿನಲ್ಲಿ ಅಲ್ಲ, ನಮ್ಮ ನೀಲೇಶ್ವರದ ಹತ್ತಿರ, ಕೋಟ್ಟಪ್ಪುರಂ ಕಡವಿನಿಂದ ಹೊರಟ ಹೌಸ್‌ಬೋಟಿನಲ್ಲಿ. ಅಕ್ಕನ ಮಗ ಹಾರಿಸುತ್ತಿದ್ದ. ನೆಲದ ಮೇಲೆ ಅವನ ಕೈ ಬಹಳ ಚೆನ್ನಾಗಿದೆ, ಸುಳ್ಳು ಹೇಳಬಾರದು. ಬೋಟು ನಿಧಾನಕ್ಕೆ ತೆಂಕು ದಿಕ್ಕಿಗೆ ಹೋಗುತ್ತಿತ್ತು, ಅವನು ತೆಂಗಿನ ತೋಟದ ಆಚೆ ಕಡಲು ಕಾಣುವ ಹಾಗೆ ಡ್ರೋನನ್ನು ಎತ್ತರಕ್ಕೆ ಒಯ್ದು ಶೂಟ್ ಮಾಡಿ, ಆಮೇಲೆ ವಾಪಸ್ ಬಟನ್ ಒತ್ತಿದ. ನೋಡುತ್ತಾ ಇದ್ದ ಹಾಗೆ ಅದು ನಮ್ಮ ತಲೆಯ ಮೇಲಿಂದಲೇ ಹಿಂದಕ್ಕೆ ಹೋಯಿತು. "ಮಾವಾ, ಇದು ಎಲ್ಲಿಗೆ ಹೋಗ್ತಾ ಇದೆ?" ಅಂದ. ಮೊದಲು ಅರ್ಥವಾದದ್ದು ಬೋಟು ನಡೆಸುವ ಸ್ರಾಂಕಿಗೆ. ಯಾರೂ ಹೇಳುವ ಮೊದಲೇ ಅವರು ಬೋಟನ್ನು ತಿರುಗಿಸಲು ಶುರು ಮಾಡಿದರು. ಹುಡುಗ ಇಳಿಯುವುದನ್ನು ಕ್ಯಾನ್ಸಲ್ ಮಾಡಿ, ನೀರಿಗೆ ಒಂದಾಳೆತ್ತರ ಮೇಲೆ ಅದನ್ನು ನಿಲ್ಲಿಸಿಕೊಂಡ. ಬ್ಯಾಟರಿ ಕೆಂಪಾಗಿತ್ತು, ಕಂಟ್ರೋಲರ್ ಬೀಪ್ ಬೀಪ್ ಅಂತ ಕೂಗುತ್ತಲೇ ಇತ್ತು. ಬೋಟು ಹತ್ತಿರ ಹೋದ ಮೇಲೆ ಅಡುಗೆ ಮಾಡುತ್ತಿದ್ದ ಚೇಟ್ಟನ್ ಮುಂದಿನ ತುದಿಗೆ ಬಂದು, ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಡ್ರೋನಿನ ಹೊಟ್ಟೆಗೆ ಕೈ ಹಾಕಿ ಹಿಡಿದರು. ಡ್ರೋನ್ ಉಳಿಸಿದ್ದು ಸ್ರಾಂಕು ಮತ್ತು ಅಡುಗೆಯವರು. ನಾನು ಹೇಳುತ್ತಿರುವುದೂ ಅದನ್ನೇ.

ಇದಕ್ಕೆ ಸೆಟ್ಟಿಂಗ್ ಇದೆ. ಹೊರಡುವ ಮೊದಲು ನೋಡಿಕೊಳ್ಳಿ. ಸಿಗ್ನಲ್ ತಪ್ಪಿದರೆ ವಾಪಸ್ ಬರುವ ಬದಲು ಇದ್ದಲ್ಲೇ ನಿಲ್ಲು ಅಂತ ಇಡಬಹುದು, ಆಗ ದೋಣಿಯೇ ಅದರ ಹತ್ತಿರ ಹೋಗಬಹುದು. ಹಾರುತ್ತಿರುವಾಗಲೇ ಕಂಟ್ರೋಲರ್ ಇರುವ ಜಾಗವನ್ನು ಹೊಸ ಹೋಮ್ ಪಾಯಿಂಟ್, ಅಂದರೆ ವಾಪಸ್ ಬರುವ ಜಾಗ, ಮಾಡುವ ಆಯ್ಕೆಯೂ ತುಂಬಾ ಡ್ರೋನ್‌ಗಳಲ್ಲಿ ಇರುತ್ತದೆ. ಆದರೆ ಸೆಟ್ಟಿಂಗ್ ಅಂತ ನಂಬಿ ಕೂರಬೇಡಿ. ಬ್ಯಾಟರಿ ಅರ್ಧ ಆಗುವಾಗ ಡ್ರೋನ್ ದೋಣಿಯ ಹಿಂದೆ ಇರಬೇಕು. ಹಿಡಿಯಲು ಮೊದಲ ಸಲಕ್ಕೇ ಆಗುತ್ತದೆ ಅಂತ ಏನೂ ಇಲ್ಲ.

ಹಿಡಿಯುವುದೇ ನಿಜವಾದ ವಿದ್ಯೆ. ಹೌಸ್‌ಬೋಟಿನಲ್ಲಿ ಮೇಲೆ ಬರೀ ಓಲೆಯ ಮಾಡು. ಹಾಯಿದೋಣಿಯಲ್ಲಿ ಹಾಗಲ್ಲ. ನಡುವೆ ಎತ್ತರದ ಕಂಬ, ಅದನ್ನು ನಾಲ್ಕೂ ಕಡೆಯಿಂದ ಎಳೆದು ಹಿಡಿದ ಉಕ್ಕಿನ ತಂತಿಗಳು, ಹಾಯಿಯ ಹಗ್ಗಗಳು, ಹಿಂದುಗಡೆ ನೆರಳಿನ ಬಟ್ಟೆ. ತೆಳ್ಳಗಿನ ತಂತಿ ಡ್ರೋನಿನ ಕಣ್ಣಿಗೆ ಕಾಣುವುದೇ ಇಲ್ಲ. ಅದು ಸಾಲದು ಅಂತ ಡೆಕ್ ಬೇರೆ ಅಲ್ಲಾಡುತ್ತಿರುತ್ತದೆ, ಅಲ್ಲಿಟ್ಟು ಆನ್ ಮಾಡಿದರೆ ಸೆನ್ಸರ್ ತಕರಾರು ತೆಗೆಯುತ್ತದೆ. ಹತ್ತಿರದಲ್ಲಿ ಲಂಗರಿನ ಸರಪಳಿ, ಎಂಜಿನ್ ಇದ್ದರೆ ಕಂಪಾಸ್ ದಾರಿ ತಪ್ಪುತ್ತದೆ.

ದುಬೈಯಲ್ಲಿರುವ ಭಾವನ ಒತ್ತಾಯಕ್ಕೆ ನಾವು ಹೋಗಿದ್ದು ಗ್ರೀಸಿನ ಪಶ್ಚಿಮಕ್ಕಿರುವ ಅಯೋನಿಯನ್ ಕಡಲಿಗೆ, ಲೆಫ್ಕಾಡ, ಮೆಗನಿಸಿ, ಇಥಾಕ ದ್ವೀಪಗಳ ನಡುವೆ. ಡ್ರೋನ್ ಭಾವನದ್ದು. ಸ್ಕಿಪ್ಪರ್ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಮೊದಲ ದಿನ ಹಾರಿಸಲು ಬಿಡಲೇ ಇಲ್ಲ. ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದ ಕೂಡಲೇ ದೋಣಿ ಸ್ವಲ್ಪ ವಾಲಿ, ನೀರು ಸರಿಯುವ ಸದ್ದು ಮಾತ್ರ ಕೇಳುತ್ತದಲ್ವಾ, ಅದನ್ನು ಮೊದಲು ಕೇಳಿ ಅಂತ ಅವರ ಲೆಕ್ಕ. ನನಗೆ ಅದು ನೂರಕ್ಕೆ ನೂರು ಸರಿ ಕಂಡಿತು. ನಾಲ್ಕು ರೆಕ್ಕೆಯ ಕಿರ್ರೋ ಸದ್ದು ಆ ಹೊತ್ತಿಗೆ ಬೇಡವೇ ಬೇಡ.

ಮರುದಿನ ಅವರೇ ಕ್ರಮ ಹೇಳಿಕೊಟ್ಟರು. ಹಾಯಿ ಸುತ್ತಿ, ಎಂಜಿನ್ ಹಾಕಿ, ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದು ನಿಧಾನಕ್ಕೆ ನಡೆಸುತ್ತಿದ್ದರು. ಆಗ ಹಿಂದುಗಡೆಯಿಂದ ಬಿಟ್ಟ ಡ್ರೋನ್ ಗಾಳಿಗೆ ತಳ್ಳಿಕೊಂಡರೂ ತಂತಿಗಳಿಂದ ದೂರಕ್ಕೇ ಹೋಗುತ್ತದೆ. ಭಾವ ಲೈಫ್ ಜಾಕೆಟ್ ಹಾಕಿ ಹಿಂದಿನ ಮೆಟ್ಟಿಲ ಮೇಲೆ ನಿಂತು, ಡ್ರೋನನ್ನು ಹೊಟ್ಟೆಯ ಕೆಳಗಿಂದ ಹಿಡಿದು ಕೈ ಪೂರ್ತಿ ಚಾಚಿ ಬಿಡುವುದು. ವಾಪಸ್ ಬರುವಾಗ ಅಡೆತಡೆ ನೋಡುವ ಸೆನ್ಸರ್ ಆಫ್ ಮಾಡಬೇಕು, ಇಲ್ಲದಿದ್ದರೆ ಅದು ದೋಣಿಯ ಹತ್ತಿರ ಬರಲು ಒಪ್ಪುವುದಿಲ್ಲ. ಕೈ ಕೆಳಗೆ ಹಿಡಿದರೆ ಅದೇ ನೆಲ ಅಂದುಕೊಂಡು ಚಂಗನೆ ಮೇಲೆ ಹೋಗಲು ನೋಡುತ್ತದೆ. ಗಟ್ಟಿಯಾಗಿ ಹಿಡಿದು, ಹಾರಿಸುವವನು ಕಂಟ್ರೋಲರಿನ ಕಡ್ಡಿಯನ್ನು ಕೆಳಗೆ ಒತ್ತಿಯೇ ಇರಬೇಕು, ರೆಕ್ಕೆ ನಿಲ್ಲುವ ತನಕ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ. ಮಕ್ಕಳು ಒಳಗೆ. ಇಷ್ಟೂ ಹೊತ್ತು ಸ್ಕಿಪ್ಪರ್ ಕಣ್ಣು ಡ್ರೋನಿನ ಕಡೆ ಇರಲೇ ಇಲ್ಲ, ಬೇರೆ ದೋಣಿ ಬರುತ್ತಿದೆಯಾ ಅಂತ ಸುತ್ತ ನೋಡುತ್ತಲೇ ಇದ್ದರು. ಬಂದರಿಗೆ ಹೋಗುವಾಗ, ಹಾಯಿ ತಿರುಗಿಸುವಾಗ, ದೊಡ್ಡ ಫೆರ್ರಿ ಹಾದು ಹೋಗುವಾಗ ಡ್ರೋನ್ ಇಲ್ಲ.

ಗಾಳಿಯ ಮಾತು. 250 ಗ್ರಾಂ ಒಳಗಿನ ಒಳ್ಳೆಯ ಮಿನಿ ಡ್ರೋನ್‌ಗಳು ತಾಳುವ ಗಾಳಿ ಸೆಕೆಂಡಿಗೆ 10.7 ಮೀಟರ್ ಅಂತ ಕಂಪನಿ ಬರೆದಿರುತ್ತದೆ, ಅಂದರೆ ಗಂಟೆಗೆ 38 ಕಿ.ಮೀ. ಮೇಲೆ. ಅಯೋನಿಯನ್ ಕಡೆ ಬೇಸಗೆಯಲ್ಲಿ ಬೆಳಿಗ್ಗೆ ಕಡಲು ಸುಮ್ನೆ ಮಲಗಿರುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಗಾಳಿ ಏಳುತ್ತದೆ. ನಮ್ಮ ಪಡುಗಾಳಿಯ ಹಾಗೆಯೇ. ಆದರೆ ಪೂರ್ವಕ್ಕಿರುವ ಏಜಿಯನ್ ಕಡಲಿಗೆ ಹೋಗುವವರು ಹುಷಾರು. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಅಂತ ಬಡಗಣ ಗಾಳಿ ದಿನಗಟ್ಟಲೆ ಬೀಸುತ್ತದೆ, ಆಕಾಶ ಶುಭ್ರವಾಗಿರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಾಳಿಯ ಜೊತೆಗೆ ಡ್ರೋನ್ ಹಾಯಾಗಿ ದೂರ ಹೋಗಿಬಿಡುತ್ತದೆ, ಎದುರು ಗಾಳಿಯಲ್ಲಿ ವಾಪಸ್ ಬರಲು ಬ್ಯಾಟರಿ ಸಾಲುವುದಿಲ್ಲ. ಮೊದಲು ಗಾಳಿಗೆ ಎದುರಾಗಿ ಒಯ್ಯಿರಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರಲಿ.

ಇಷ್ಟೆಲ್ಲ ರಗಳೆ ಯಾಕೆ, ಮೊಬೈಲಿನಲ್ಲೇ ತೆಗೆದರಾಯಿತಲ್ಲ ಅಂತ ಕೇಳಬಹುದು. ನನಗೆ ಡ್ರೋನ್ ಇಷ್ಟವಾದದ್ದು ಮೆಗನಿಸಿಯ ಒಂದು ಕೊಲ್ಲಿಯಲ್ಲಿ. ಲಂಗರು ಹಾಕುವ ಮೊದಲು ಸ್ಕಿಪ್ಪರ್ ತಾವಾಗಿಯೇ, ಅದನ್ನು ಸ್ವಲ್ಪ ಮೇಲೆ ಬಿಡಿ ಅಂದರು. ಕ್ಯಾಮರಾಕ್ಕೆ ಪೋಲರೈಸರ್ ಅನ್ನುವ ಫಿಲ್ಟರ್ ಗಾಜು ಹಾಕಿದ್ದರಿಂದ ನೀರಿನ ಹೊಳಪು ಸತ್ತು ತಳ ಕಾಣುತ್ತಿತ್ತು. ಕಪ್ಪು ಕಪ್ಪಾಗಿ ಕಂಡದ್ದು ಪೊಸಿಡೋನಿಯಾ, ಮೆಡಿಟರೇನಿಯನ್ ಕಡಲ ಹುಲ್ಲು. ಮೀನಿನ ಮರಿಗಳು ಬೆಳೆಯುವುದು ಅದರೊಳಗೆ. ಲಂಗರು ಸಿಕ್ಕಿದರೆ ಬೇರು ಸಮೇತ ಕಿತ್ತು ಬರುತ್ತದೆ, ಮತ್ತೆ ಬೆಳೆಯುವುದು ತೀರಾ ನಿಧಾನ, ಅದಕ್ಕೆ ಯುರೋಪಿನಲ್ಲಿ ಕಾನೂನಿನ ರಕ್ಷಣೆಯೂ ಇದೆ. ಅದರ ನಡುವೆ ಒಂದು ಕಡೆ ತಿಳಿ ಬಣ್ಣದ ಮರಳು. ಲಂಗರಿಗೂ ಮರಳಿನಲ್ಲೇ ಗಟ್ಟಿ ಹಿಡಿತ. ಸರಿಯಾಗಿ ಅಲ್ಲಿಗೇ ಹಾಕಿ, ಆಮೇಲೆ ಸರಪಳಿ ಮರಳಿನ ಮೇಲೆ ನೆಟ್ಟಗೆ ಮಲಗಿದೆಯಾ ಅಂತಲೂ ಸ್ಕ್ರೀನಿನಲ್ಲೇ ನೋಡಿದರು. ದೋಣಿಗೆ ಅದು ಒಂದು ಕಣ್ಣಾಯಿತು. ಇನ್‌ಸ್ಟಾಗ್ರಾಮ್ ವಿಡಿಯೋಗಿಂತ ನನಗೆ ಅದೇ ದೊಡ್ಡದು. ಹಾಯಿ ತುಂಬಿದ ದೋಣಿಯನ್ನು ಪಕ್ಕದಿಂದ, ಸ್ವಲ್ಪ ತಗ್ಗಿನಲ್ಲಿ ತೆಗೆದ ವಿಡಿಯೋ ಚಂದ, ಇಲ್ಲ ಅನ್ನಲ್ಲ. ಆದರೆ ಒಂದೆರಡು ಸಾಕು.

ಕಾಗದದ ಕೆಲಸ ಮರೆಯಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ ಕ್ಯಾಮರಾ ಇದ್ದರೆ 250 ಗ್ರಾಂ ಒಳಗಿನ ಡ್ರೋನಿಗೂ ಹಾರಿಸುವವರು ನೋಂದಣಿ ಮಾಡಬೇಕು, ಹೊರಗಿನವರು ಮೊದಲು ಹಾರಿಸುವ ದೇಶದಲ್ಲಿ ಮಾಡಿದರೆ ಸಾಕು. ಎತ್ತರ 120 ಮೀಟರ್ ತನಕ. ಗ್ರೀಸಿನ ಹಳೇ ದೇವಾಲಯ, ಅವಶೇಷಗಳ ಮೇಲೆ ಬೇರೆಯೇ ಅನುಮತಿ ಬೇಕು. ವಿಮಾನದಲ್ಲಿ ಬ್ಯಾಟರಿ ಕೈಚೀಲದಲ್ಲಿ. ಇನ್ನೊಂದು, ಇದು ನಮ್ಮವರಿಗೆ ಬಹಳ ಮುಖ್ಯ. ದುಬೈಯಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಡ್ರೋನ್ ಕೊಂಡು ಮಂಗಳೂರಿಗೋ ಕಣ್ಣೂರಿಗೋ ಇಳಿಯಬೇಡಿ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದಿಗೆ ಭಾರತದಲ್ಲಿ ನಿಷೇಧ ಇದೆ. ಕಸ್ಟಮ್ಸ್‌ನವರು ಹಿಡಿದರೆ ಅಲ್ಲಿಗೆ ಮುಗಿಯಿತು. ಅಲ್ಲಿಯದ್ದು ಅಲ್ಲಿಯೇ ಇರಲಿ.

ಊರಿನಲ್ಲಿ ಹಾರಿಸುವವರಿಗೆ 2021ರ ಡ್ರೋನ್ ನಿಯಮ ಇದೆ. ಎಲ್ಲಿ ಹಾರಿಸಬಹುದು ಅಂತ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ಹಸಿರು, ಹಳದಿ, ಕೆಂಪು ಅಂತ ತೋರಿಸುತ್ತದೆ, ನೋಡಿಯೇ ಹೊರಡಿ. ಬೇಕಲ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಅದರ ಮೇಲೆ ಬೇಡ. ವಲಿಯಪರಂಬದ ಹಿನ್ನೀರಿನಲ್ಲಿ ತೆಂಕಿಗೆ ಹೋದ ಹಾಗೆ ಏಳಿಮಲೆ ಹತ್ತಿರವಾಗುತ್ತದೆ, ಅಲ್ಲಿ ಭಾರತೀಯ ನೌಕಾ ಅಕಾಡೆಮಿ ಇದೆ. ಆ ಕಡೆ ಡ್ರೋನ್ ಆನ್ ಮಾಡುವ ಯೋಚನೆಯೇ ಬೇಡ.

ಈಗ ನನ್ನ ಹೊಟ್ಟೆ ಉರಿಸುವ ಸಂಗತಿ. ಪಡನ್ನ, ವಲಿಯಪರಂಬ ಕಡೆ ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ನೆಟ್ಟು ಹಗ್ಗ ಇಳಿಬಿಟ್ಟು ಕಲ್ಲುಮ್ಮಕಾಯಿ, ನಮ್ಮ ಪಚ್ಚಿಲೆ, ಬೆಳೆಸುತ್ತಾರೆ. ಮಳೆಗಾಲ ಕಳೆದು ನೀರು ಉಪ್ಪಾದ ಮೇಲೆ ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಹೊಲಿದು ಕಟ್ಟುವುದು, ಮತ್ತೆ ಮಳೆ ಬರುವ ಮೊದಲು ಕೊಯ್ಯುವುದು. ಹೆಚ್ಚಿನ ಕೆಲಸ ಹೆಂಗಸರದ್ದು. ಸೊಂಟದ ತನಕ ನೀರಿನಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತವರ ತಲೆ ಮೇಲೆ ಡ್ರೋನ್ ತಂದು ನಿಲ್ಲಿಸಿ, ಆಮೇಲೆ ಹಿಂದೆ ಸಂಗೀತ ಹಾಕಿ ರೀಲ್ಸ್ ಬಿಡುವವರನ್ನು ನಾನು ಕಂಡಿದ್ದೇನೆ. ಅವರಿಗೆ ಕೈ ಎತ್ತಿ ಬೇಡ ಅನ್ನಲೂ ಪುರುಸೊತ್ತಿಲ್ಲ, ಕೈಯಲ್ಲಿ ಹಗ್ಗ ಇರುತ್ತದೆ. ನಿಮ್ಮ ಅಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಯಾರೋ ಹೀಗೆ ಬಂದರೆ ಸುಮ್ಮನಿರುತ್ತಿದ್ದಿರಾ? ಬೋಟು ಹತ್ತಿರ ಹೋಗುತ್ತದೆ, ಬಾಯಿ ಬಿಟ್ಟು "ಚೇಚ್ಚಿ, ಒಂದು ವಿಡಿಯೋ ತೆಗೆಯಬಹುದಾ" ಅಂತ ಕೇಳಲು ಏನು ಕಷ್ಟ? ಕೇಳಿದರೆ ಎಷ್ಟೋ ಜನ ನಕ್ಕು ಹೂಂ ಅನ್ನುತ್ತಾರೆ, ಹಗ್ಗ ಎತ್ತಿ ತೋರಿಸುತ್ತಾರೆ ಕೂಡ. ಗ್ರೀಸಿನಲ್ಲಿ ಪಕ್ಕದ ದೋಣಿಯಲ್ಲಿ ಮಲಗಿ ಬಿಸಿಲು ಕಾಯಿಸುವವರ ಮೇಲೆ ಹಾರಿಸಲು ಹೆದರುವವರು ಇಲ್ಲಿ ಮಾತ್ರ ಯಾಕೆ ಇಷ್ಟು ಸದರ ತಗೊಳ್ಳುತ್ತಾರೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಕ್ಕಿಗಳದ್ದೂ ಅದೇ ಕತೆ. ನಮ್ಮ ಕರಾವಳಿಯ ದೊಡ್ಡ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಅದರ ಗೂಡಿನ ಕಾಲ, ಪ್ರವಾಸಿಗಳ ಕಾಲವೂ ಅದೇ. ಡ್ರೋನ್ ಹತ್ತಿರ ಹೋದರೆ ಮೊಟ್ಟೆ ಬಿಟ್ಟು ಏಳುತ್ತದೆ. ಗರುಡ ಆದರೆ ನೇರ ಮೇಲೆರಗುತ್ತದೆ. ಹಕ್ಕಿ ಸುತ್ತಲು ಶುರು ಮಾಡಿತೆಂದರೆ ಕೂಡಲೇ ಇಳಿಸಿ.

ಹೊರಡುವವರು ಕೈಯಲ್ಲಿ ಹಿಡಿಯುವುದನ್ನು ನೆಲದ ಮೇಲೆಯೇ ಕಲಿತು ಹೋಗಿ. ಇಬ್ಬರಾಗಿ ಕಲಿಯಿರಿ, ಒಬ್ಬ ಹಾರಿಸಲು ಒಬ್ಬ ಹಿಡಿಯಲು, ಆಮೇಲೆ ಅದಲು ಬದಲು ಮಾಡಿ. ಕುಂಬಳೆ ಆಸುಪಾಸಿನವರಾದರೆ ಕೊಯ್ಲು ಆದ ಮೇಲೆ ನಮ್ಮ ಗದ್ದೆ ಖಾಲಿ ಇರುತ್ತದೆ, ಭಾನುವಾರ ಸಂಜೆ ಬನ್ನಿ, ನಾನೂ ಅಕ್ಕನ ಮಗನೂ ಇರುತ್ತೇವೆ. ಗ್ಲೌಸ್ ನಮ್ಮಲ್ಲಿದೆ. ಬ್ಯಾಟರಿ ಚಾರ್ಜ್ ಮಾಡಿಕೊಂಡು ಬನ್ನಿ.