ಮಲಕ್ಕಾದಲ್ಲಿ ಸಮುದ್ರ ಹುಡುಕಿದ್ದು

ನನ್ನ ಅಮ್ಮ ಹೊನ್ನಾವರದವಳು. ಯಾವ ಊರಿಗೆ ಕರೆದುಕೊಂಡು ಹೋದರೂ ಮೊದಲು ಆ ಊರಿನ ನೀರಿನ ವಿಚಾರಣೆ ಆಗಲೇಬೇಕು. ಮೈಸೂರು ಅರಮನೆಯನ್ನು ತಲೆಯೆತ್ತಿ ನೋಡಿ, "ಚಂದ ಅದೆ. ಹೊಳೆ ಎಲ್ಲಿ ಅದೆ?" ಎಂದು ಕೇಳಿದವಳು. ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಹುಟ್ಟಿ ಬೆಳೆದವರಿಗೆ ಉಳಿದವರೆಲ್ಲ ಬರಗಾಲದಲ್ಲಿ ಬದುಕುತ್ತಿರುವಂತೆ ಕಾಣುತ್ತದೋ ಏನೋ.

ಕೌಲಾಲಂಪುರದಲ್ಲಿ ಕೆಲಸದಲ್ಲಿರುವ ಅಕ್ಕನ ಮಗನ ಮನೆಗೆ ನಾನು, ಹೆಂಡತಿ, ಅಮ್ಮ ಹೋಗಿದ್ದೆವು. ಅವಳಿ ಗೋಪುರ ಆಯಿತು. ಬತು ಗುಹೆಯ 272 ಮೆಟ್ಟಿಲನ್ನು ಅಮ್ಮ ನನಗಿಂತ ಮೊದಲು ಹತ್ತಿ, ಮೇಲಿನಿಂದ ನನ್ನನ್ನು ಕೂಗಿ ಕರೆದದ್ದೂ ಆಯಿತು. ಮೂರನೇ ದಿನ ರಾತ್ರಿ ಊಟಕ್ಕೆ ಕೂತಾಗ ಅವಳು ಮೊಮ್ಮಗನ ತಲೆ ಸವರಿ, "ಸಮುದ್ರ ಇಲ್ಲದ ಊರಲ್ಲಿ ಹೇಗೆ ಇರ್ತ್ಯೋ ಅಪ್ಪಿ" ಅಂದಳು.

ನಾನು ತಕ್ಷಣ ಎದ್ದು ನಿಂತೆ. "ನಾಳೆ ಮಲಕ್ಕಾ! ಸಮುದ್ರದ ಮೇಲೇ ಬದುಕಿದ ಊರು. ಅರಬರು, ಚೀನೀಯರು, ಗುಜರಾತಿಗಳು, ಪೋರ್ಚುಗೀಸರು, ಎಲ್ಲರೂ ಹಡಗಿನಲ್ಲೇ ಬಂದದ್ದು. ಶಾಲೆಯಲ್ಲಿ ಮಲಕ್ಕಾ ಜಲಸಂಧಿ ಅಂತ ನಾಲ್ಕು ಅಂಕಕ್ಕೆ ಬರೆದಿದ್ದೇನೆ."

"ಮಾವಾ, ನಾಳೆ ಮಂಗಳವಾರ," ಅಂದ ಅಳಿಯ. "ಜೋಂಕರ್ ಸ್ಟ್ರೀಟಿನ ರಾತ್ರಿ ಸಂತೆ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಮಂಗಳವಾರ ಅಲ್ಲಿ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿರ್ತವೆ."

"ಮಂಗಳವಾರ ಹೊಸ ದಾರಿ ಹಿಡೀಬಾರದು," ಅಂದಳು ಅಮ್ಮ. ಅವಳ ಕಾರಣ ಬೇರೆ, ಅವನ ಕಾರಣ ಬೇರೆ. ನಾನು ಎರಡನ್ನೂ ಒಟ್ಟಿಗೆ ಮೂಢನಂಬಿಕೆ ಎಂದು ತಳ್ಳಿಹಾಕಿದೆ.

ಸುಮಾರು 150 ಕಿಲೋಮೀಟರ್ ದೂರ, ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ನಾನೇ ಗೈಡು. ಸುಮಾರು 1400ರ ಹೊತ್ತಿಗೆ ಪರಮೇಶ್ವರ ಎಂಬ ರಾಜಕುಮಾರ ಸುಮಾತ್ರಾ ಕಡೆಯಿಂದ ಓಡಿಬಂದು ಇಲ್ಲೊಂದು ಮರದ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದನಂತೆ. ಮೊಲದ ಗಾತ್ರದ ಒಂದು ಪುಟ್ಟ ಜಿಂಕೆ ಅವನ ಬೇಟೆನಾಯಿಗೇ ಒದ್ದು ಹೊಳೆಗೆ ಬೀಳಿಸಿತಂತೆ. ಇದು ಗಂಡುಮೆಟ್ಟಿದ ನೆಲ ಎಂದು ಅವನು ಅಲ್ಲೇ ಊರು ಕಟ್ಟಿ, ಕೂತಿದ್ದ ಮರದ ಹೆಸರನ್ನೇ ಇಟ್ಟನಂತೆ. "ಮಲಕ್ಕಾ ಮರ ಅಂದ್ರೆ ಯಾವುದು ಗೊತ್ತಾ? ನಮ್ಮ ಬೆಟ್ಟದ ನೆಲ್ಲಿ!"

ಅಮ್ಮ ಮೊದಲ ಸಲ ಆಸಕ್ತಿಯಿಂದ ತಿರುಗಿದಳು. "ತಂಬುಳಿ ಮಾಡ್ತಾರಾ ಇಲ್ಲಿಯವರು?"

ನಗರ ಬಸ್ಸಿನಿಂದ ಇಳಿದದ್ದು ಡಚ್ ಚೌಕದಲ್ಲಿ. ಹೆಂಡತಿ ನೀರಿನ ಬಾಟಲಿ ತರಲು ಹೊರಟಳು. "ಆ ಕೆಂಪು ಕಟ್ಟಡದ ಮುಂದೆ ನಿಂತಿರ್ತೇವೆ," ಎಂದು ನಾನು ಕೈ ತೋರಿಸಿದೆ. ಅವಳು ತಲೆಯಾಡಿಸಿ ಹೋದಳು. ಆಮೇಲೆ ಸುತ್ತ ನೋಡಿದರೆ 1753ರಲ್ಲಿ ಮುಗಿದ ಕ್ರೈಸ್ಟ್ ಚರ್ಚು ಕೆಂಪು, ಡಚ್ ಗವರ್ನರರ ಸ್ಟಾಡ್‌ಹೌಸ್ ಕೆಂಪು, ಗಡಿಯಾರದ ಗೋಪುರ ಕೆಂಪು, ಆಚೆಯ ಅಂಗಡಿಸಾಲು ಕೂಡ ಕೆಂಪು. ಡಚ್ಚರ ಕಾಲದಲ್ಲಿ ಚರ್ಚಿಗೂ ಸ್ಟಾಡ್‌ಹೌಸಿಗೂ ಬಿಳಿ ಬಣ್ಣವಿತ್ತಂತೆ, ಕೆಂಪು ಬಳಿದದ್ದು ಆಮೇಲೆ ಬಂದ ಇಂಗ್ಲಿಷರು. ಆ ಬಣ್ಣ ಬಳಿದವನ ಹೆಂಡತಿ ನೀರು ತರಲು ಹೋಗುವವಳಾಗಿರಲಿಕ್ಕಿಲ್ಲ.

ಅರ್ಧ ಗಂಟೆ ಅವಳು ನಮ್ಮನ್ನು, ನಾನು ಅವಳನ್ನು ಹುಡುಕಿದೆವು. ಬಿಸಿಲು ಹೇಗಿತ್ತೆಂದರೆ ಅಮ್ಮ ನೆರಳಿದ್ದ ಕಡೆ ಹೋಗಿ ಕೂತುಬಿಟ್ಟಳು. ನೆರಳಿದ್ದದ್ದು ಒಂದು ಸೈಕಲ್ ರಿಕ್ಷಾದಲ್ಲಿ. ಮಲಕ್ಕಾದ ರಿಕ್ಷಾ ನೋಡದವರಿಗೆ ವರ್ಣಿಸುವುದು ಕಷ್ಟ. ತುಳಿಯುವವನ ಮಗ್ಗುಲಿಗೆ ತೊಟ್ಟಿಲಿನಂಥ ಆಸನ. ಅದರ ಮೇಲೆ ಪ್ಲಾಸ್ಟಿಕ್ ಹೂವು, ಮಿಣಿಮಿಣಿ ದೀಪ, ಛತ್ರಿ, ಗಣೇಶನ ಹಬ್ಬದ ಪೆಂಡಾಲಿನಷ್ಟು ದೊಡ್ಡ ಸ್ಪೀಕರು. ಅಮ್ಮ ಕೂತದ್ದಕ್ಕೆ ಗುಲಾಬಿ ಬಣ್ಣ, ಮೈತುಂಬ ಬೆಕ್ಕಿನ ಮುಖ.

"ಹಲೋ ಕಿಟ್ಟಿ!" ಅಂದ ರಿಕ್ಷಾದವ, ಬೆಕ್ಕಿನ ಕಡೆ ತೋರಿಸುತ್ತ.

ಅಮ್ಮ ಹೌಹಾರಿದಳು. "ಕಿಟ್ಟಣ್ಣ ಇವನಿಗೆ ಹೇಗೆ ಗೊತ್ತೋ?" ಕಿಟ್ಟಣ್ಣ ಅಂದರೆ ನಮ್ಮ ಸೋದರಮಾವ, ಭಟ್ಕಳ ದಾಟಿ ಆಚೆ ಹೋದವನಲ್ಲ.

ಹತ್ತಿದ ಮೇಲೆ ಬಾಡಿಗೆ ಕುದುರಿತೆಂದೇ ರಿಕ್ಷಾದವನ ಲೆಕ್ಕ. "ಇಂಡಿಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಶಾರುಖ್ ಖಾನ್ ಸಿನಿಮಾದ ಒಂದು ಹಾಡು ಹಾಕಿದ. ಚರ್ಚಿನ ಕಿಟಕಿ ಅದುರಿತು. ಆ ಸದ್ದಿನ ಜಾಡು ಹಿಡಿದೇ ಹೆಂಡತಿ ನಮ್ಮನ್ನು ಪತ್ತೆಮಾಡಿದ್ದು. ಬಂದವಳು ನನ್ನ ಕಡೆ ನೋಡದೆ, "ಅತ್ತೆ, ಸರೀರಿ" ಎಂದು ಬೆಕ್ಕಿನ ಪಕ್ಕ ಕೂತಳು. ನನಗೆ ಹಿಂದಿನ ಸ್ಪೈಡರ್‌ಮ್ಯಾನ್ ರಿಕ್ಷಾ.

ಈಗ ಎಲ್ಲಿಗೆ ಎಂಬ ಪ್ರಶ್ನೆ. ಹಿಂದಿನ ರಾತ್ರಿ ಫೋನಿನಲ್ಲಿ ಹತ್ತು ಮಲಯ ಶಬ್ದ ಬಾಯಿಪಾಠ ಮಾಡಿದ್ದೆ. ನಮಗೆ ಹತ್ತಿರದ ಭಾಷೆ ಅದು. ಗಂಡನಿಗೆ 'ಸುವಾಮಿ', ಹೆಂಡತಿಗೆ 'ಇಸ್ತೆರಿ', ಉಪವಾಸಕ್ಕೆ 'ಪುವಾಸ'. ಪಾಯಿಖಾನೆಗೆ 'ತಂಡಾಸ್' ಎಂಬುದನ್ನಂತೂ ಹುಬ್ಬಳ್ಳಿಯಲ್ಲಿ ಓದಿದ ನಾನು ಒಂದೇ ಏಟಿಗೆ ಕಲಿತಿದ್ದೆ. ಸಮುದ್ರಕ್ಕೆ? ನೆನಪಾಯಿತು. ಎರಡೂ ಕೈ ಅಲೆಯಂತೆ ಆಡಿಸಿ, "ಲಾವುಕ್! ಲಾವುಕ್!" ಎಂದೆ.

ರಿಕ್ಷಾದವ ನನ್ನ ಕೈ ನೋಡಿದ, ಹೊಟ್ಟೆ ನೋಡಿದ, ಹೆಬ್ಬೆರಳೆತ್ತಿದ. ನದಿಯ ಪಕ್ಕದಲ್ಲೇ ಹೊರಟೆವು. ದಾರಿಯಲ್ಲಿ ದೊಡ್ಡದೊಂದು ಮರದ ಹಡಗು ನಿಂತಿತ್ತು, ಒಣ ನೆಲದ ಮೇಲೆ. ಪೋರ್ಚುಗೀಸರ ಅಲ್ಬುಕರ್ಕ್ 1511ರಲ್ಲಿ ಮಲಕ್ಕಾ ಗೆದ್ದು, ಲೂಟಿಯನ್ನೆಲ್ಲ ತುಂಬಿಕೊಂಡು ಹೊರಟ 'ಫ್ಲೋರ್ ದೆ ಲಾ ಮಾರ್' ಹಡಗಿನ ಮಾದರಿ, ಈಗ ವಸ್ತುಸಂಗ್ರಹಾಲಯ. ಮೂಲ ಹಡಗು ಸುಮಾತ್ರಾ ತೀರದಲ್ಲಿ ಸಂಪತ್ತು ಸಮೇತ ಮುಳುಗಿತು. ಮುಂದಿನ ರಿಕ್ಷಾದಿಂದ ಅಮ್ಮ ಹಾಡಿನ ಮೇಲೆ ದನಿಯೆತ್ತಿ ಕೂಗಿದಳು: "ಹಡಗು ಅದೆ ತಮಾ! ಸಮುದ್ರ ಎಲ್ಲಿ ಅದೆ?"

ಹತ್ತು ನಿಮಿಷದಲ್ಲಿ ರಿಕ್ಷಾ ನಿಂತಿತು. ಎದುರಿಗೆ ಅನ್ನದ ಅಂಗಡಿ. ಗಾಜಿನ ಹಿಂದೆ ತಟ್ಟೆ ತಟ್ಟೆ ಪದಾರ್ಥ. ಸಮುದ್ರಕ್ಕೆ ಮಲಯದಲ್ಲಿ 'ಲಾವುತ್' ಅನ್ನುತ್ತಾರೆ. 'ಲಾವುಕ್' ಅಂದರೆ ಅನ್ನದ ಜೊತೆ ಬಡಿಸಿಕೊಳ್ಳುವ ಪದಾರ್ಥ. ಕೊನೆಯ ಒಂದು ವ್ಯಂಜನ ತಪ್ಪಿದ್ದಕ್ಕೆ ನಾವು ಸಾರಿನ ಎದುರು ನಿಂತಿದ್ದೆವು. ಶಾಲೆಯಲ್ಲಿ ಸಂಧಿ ಸಮಾಸಕ್ಕೆ ಪೆಟ್ಟು ತಿಂದದ್ದು ಇದಕ್ಕೇ ಇರಬೇಕು, ಆಗ ಅರ್ಥವಾಗಿರಲಿಲ್ಲ.

ಬಂದದ್ದಾಯಿತು, ಹಸಿವೂ ಇತ್ತು. ಅಮ್ಮ ಶುದ್ಧ ಸಸ್ಯಾಹಾರಿ. 'ಸಾಯುರ್' ಅಂದರೆ ತರಕಾರಿ ಎಂಬುದು ಮಾತ್ರ ಸರಿಯಾಗಿ ನೆನಪಿತ್ತು. ಹಸಿರು ಸೊಪ್ಪಿನ ಪಲ್ಯ ತಟ್ಟೆಗೆ ಬಂತು. ಅಮ್ಮ ತುತ್ತನ್ನು ಬಾಯಿಯ ಹತ್ತಿರ ಒಯ್ದು, ಮೂಗಿನ ಮಟ್ಟದಲ್ಲೇ ನಿಲ್ಲಿಸಿ, ಒಮ್ಮೆ ಉಸಿರೆಳೆದಳು. ಮುಖದಲ್ಲಿ ಹೊನ್ನಾವರದ ಬಂದರು ಹಾದುಹೋಯಿತು.

"ಸಮುದ್ರ ಸಿಕ್ತು ಬಿಡು," ಅಂದಳು. "ಈ ಪಲ್ಯದಲ್ಲೇ ಅದೆ."

ಬೆಲಚಾನ್. ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ, ಅರೆದು, ಒಣಗಿಸಿ ಮಾಡುವ ಮುದ್ದೆ. ನಾವು ಇಂಗು ಹಾಕಿದಷ್ಟೇ ಸಲೀಸಾಗಿ ಇಲ್ಲಿಯವರು ಅದನ್ನು ಸೊಪ್ಪಿಗೂ ಹಾಕುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ಕೇಳಿದ್ದು ತರಕಾರಿ, ಕೊಟ್ಟದ್ದು ತರಕಾರಿ. ಅಮ್ಮ ಬಾಳೆಹಣ್ಣು ತಿಂದಳು. ನಾನು ಮತ್ತು ಹೆಂಡತಿ ಅವಳ ಕಣ್ಣು ತಪ್ಪಿಸಿ ಪಲ್ಯ ಮುಗಿಸಿದೆವು. ಚೆನ್ನಾಗಿತ್ತು, ಇದನ್ನು ಊರಲ್ಲಿ ಯಾರೂ ಹೇಳಬೇಡಿ.

ಜೋಂಕರ್ ಸ್ಟ್ರೀಟು ಅಳಿಯ ಹೇಳಿದಂತೆಯೇ ಮಂಗಳವಾರದ ಮುಖ ಹೊತ್ತಿತ್ತು. ಆದರೆ ಪಕ್ಕದ ಬೀದಿಗೆ ತಿರುಗಿದ್ದು ಒಳ್ಳೆಯದಾಯಿತು. 1781ರ ವಿನಾಯಕನ ಗುಡಿ, ಅದರಿಂದ ಒಂದು ಕೂಗಳತೆಯೊಳಗೆ ಹದಿನೆಂಟನೇ ಶತಮಾನದ ಕಾಂಪುಂಗ್ ಕ್ಲಿಂಗ್ ಮಸೀದಿ, ಇನ್ನೂ ನಾಲ್ಕು ಹೆಜ್ಜೆಗೆ ಚೀನೀಯರ ಹಳೇ ದೇವಾಲಯ ಚೆಂಗ್ ಹೂನ್ ತೆಂಗ್. ಗುಡಿ ಕಟ್ಟಿಸಿದ ಚಿಟ್ಟಿ ಜನರ ಪೂರ್ವಿಕರು ತಮಿಳು ವ್ಯಾಪಾರಿಗಳು. ಇಲ್ಲಿಯೇ ಸಂಬಂಧ ಬೆಳೆಸಿ ನೆಲೆಸಿದರು, ಮನೆಮಾತು ಮಲಯವಾಯಿತು, ದೇವರು ಹಾಗೇ ಉಳಿದ. ಅಮ್ಮ ಮೂರೂ ಕಡೆ ಕೈಮುಗಿದು, ಮಂಗಳವಾರದ ದೋಷಕ್ಕೆ ಸಾಮೂಹಿಕ ಪರಿಹಾರ ಕೋರಿದಳು.

ಹಸಿದ ಅಮ್ಮನಿಗೆ ಚೆಂಡೋಲ್ ಕೊಡಿಸಿದೆ. ಪುಡಿಮಾಡಿದ ಐಸು, ಅದರ ಮೇಲೆ ಕಾಯಿಹಾಲು, ಹಸಿರು ಎಳೆಗಳು, ತಾಳೆಜಾತಿಯ ಮರದ ರಸ ಕಾಯಿಸಿ ತೆಗೆದ ಕಪ್ಪು ಬೆಲ್ಲ. ಅದಕ್ಕೆ 'ಗುಲಾ ಮಲಾಕಾ' ಎಂದೇ ಹೆಸರು. ಅಮ್ಮ ಎರಡು ಚಮಚ ತಿಂದು, "ಇದು ನಮ್ಮ ಒತ್ತು ಶ್ಯಾವಿಗೆ, ಕಾಯಿರಸ. ಇವರು ತಣ್ಣಗೆ ಮಾಡಿ ಹಾಳುಮಾಡಿದ್ದಾರೆ," ಎಂದು ತೀರ್ಪು ಕೊಟ್ಟು, ಇನ್ನೊಂದು ಬಟ್ಟಲು ತರಿಸಿಕೊಂಡಳು.

ಆಮೇಲೆ ಕೋಟೆ. 'ಅ ಫಮೋಸಾ' ಎಂದರೆ ಪ್ರಸಿದ್ಧವಾದದ್ದು ಎಂದರ್ಥ. ಪೋರ್ಚುಗೀಸರು ಕಟ್ಟಿದರು, 1641ರಲ್ಲಿ ಡಚ್ಚರು ಕಿತ್ತುಕೊಂಡರು, 1807ರಲ್ಲಿ ಇಂಗ್ಲಿಷರು ಸಿಡಿಮದ್ದಿಟ್ಟು ಉಡಾಯಿಸಿದರು. ಉಳಿದದ್ದು ಒಂದು ಹೆಬ್ಬಾಗಿಲು. ಅದರ ಅಡಿಯಲ್ಲಿ ನಿಂತು ನಾನು ಹೇಳಿದೆ: "1510ರಲ್ಲಿ ಗೋವಾ ಹಿಡಿ ಅಂತ ಅಲ್ಬುಕರ್ಕನಿಗೆ ಹೇಳಿಕೊಟ್ಟವನು ಯಾರು? ನಿನ್ನ ಹೊನ್ನಾವರದ ತಿಮ್ಮೋಜ! ಮರುವರ್ಷವೇ ಅಲ್ಬುಕರ್ಕ್ ಇಲ್ಲಿಗೆ ಬಂದ."

ಅಮ್ಮ ಬಾಗಿಲಿನ ಈಚೆ ನೋಡಿದಳು, ಆಚೆ ಹೋಗಿ ನೋಡಿ ಬಂದಳು. "ಬಾಗಿಲು ಅದೆ, ಮನೆ ಇಲ್ಲ. ನಮ್ಮ ಮಿರ್ಜಾನ್ ಕೋಟೆಯೇ ವಾಸಿ. ಅಂತೂ ಅವನಿಗಾದ್ರೂ ದಾರಿ ಹೇಳೋವ ಸರಿಯಾದವ ಸಿಕ್ಕಿದ್ದ."

ಬೆಟ್ಟದ ಮೇಲೆ ಮಾಡಿಲ್ಲದ ಸೇಂಟ್ ಪಾಲ್ ಚರ್ಚು, ಎದುರಿಗೆ ಸಂತ ಫ್ರಾನ್ಸಿಸ್ ಜೇವಿಯರರ ಬಿಳಿ ಮೂರ್ತಿ. ಗೋವಾಕ್ಕೆ ಒಯ್ಯುವ ಮುಂಚೆ 1553ರಲ್ಲಿ ಅವರ ದೇಹವನ್ನು ಕೆಲವು ತಿಂಗಳು ಇಲ್ಲೇ ಹೂಳಿದ್ದರು. ಮೂರ್ತಿಗೆ ಬಲಗೈ ಇಲ್ಲ. ಅದನ್ನು ನಿಲ್ಲಿಸಿದ ಬೆನ್ನಿಗೇ ಮರ ಬಿದ್ದು ಮುರಿಯಿತಂತೆ. ಸಂತರ ನಿಜದೇಹದ ಬಲಗೈಯನ್ನೂ ಹಿಂದೆಯೇ ಬೇರ್ಪಡಿಸಿ ರೋಮಿಗೆ ಕಳಿಸಿದ್ದರು ಎಂದು ನಾನು ಪಿಸುದನಿಯಲ್ಲಿ ಹೇಳಿದೆ. "ಇವರನ್ನ ನಾನು ಗೋವಾದಲ್ಲಿ ನೋಡಿದ್ದೇನೆ," ಅಂದಳು ಅಮ್ಮ, ಮದುವೆ ಮನೆಯಲ್ಲಿ ಹಳೇ ಪರಿಚಯದವರು ಸಿಕ್ಕ ಹಾಗೆ.

ಒಂದು ಕಾಲಕ್ಕೆ ಬೆಟ್ಟದ ಬುಡದ ಮೈದಾನದಂಚಿಗೇ ಸಮುದ್ರವಿತ್ತು. ಈಗ ಅದು ತುಂಬಿಸಿದ ನೆಲ. ಮಣ್ಣು ಸುರಿದು ಸುರಿದು ದಡವನ್ನು ಆಚೆ ತಳ್ಳಿ, ಅಲ್ಲಿ ಮಾಲು, ಹೋಟೆಲು, ಪಾರ್ಕಿಂಗು ಕಟ್ಟಿದ್ದಾರೆ. ಮರಗಳ ಸಂದಿನಲ್ಲಿ, ಕಟ್ಟಡಗಳ ಸಂದಿನಲ್ಲಿ ಉಗುರಿನಷ್ಟು ಬೂದು ಪಟ್ಟಿ. "ಅದೋ ಸಮುದ್ರ!" ಎಂದೆ. "ಅದು ತಗಡು," ಅಂದಳು ಅಮ್ಮ. ತಗಡೇ ಇರಬಹುದು.

ಹೆಂಡತಿಗೆ ಉಪಾಯ ಹೊಳೆಯಿತು. ತಾಮಿಂಗ್ ಸಾರಿ ಎಂಬ 110 ಮೀಟರ್ ಎತ್ತರದ ಗೋಪುರವಿದೆ. ಗಾಜಿನ ಉಂಗುರದಂಥ ಕೋಣೆ ಜನರನ್ನು ಕೂರಿಸಿಕೊಂಡು ತಿರುಗುತ್ತ 80 ಮೀಟರ್ ಮೇಲೇರಿ, ಊರು ತೋರಿಸಿ, ಇಳಿಯುತ್ತದೆ. ಒಟ್ಟು ಏಳು ನಿಮಿಷ. ಕೋಣೆ ಅಲುಗಿದ್ದೇ ತಡ ಅಮ್ಮ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರುಮಾಡಿದಳು. ಮೇಲಿನಿಂದ ಜಲಸಂಧಿ, ಹಡಗುಗಳು, ದ್ವೀಪ ಎಲ್ಲವೂ ನಿಚ್ಚಳವಾಗಿ ಕಂಡವು. "ಅಮ್ಮಾ, ಸಮುದ್ರ! ಇಷ್ಟಗಲ!" ಅವಳು ಕಣ್ಣು ತೆರೆಯಲಿಲ್ಲ. ಏಳು ನಿಮಿಷಕ್ಕೆ ಎಷ್ಟು ನಾಮ ಆಗುತ್ತದೆ? ಕೆಳಗಿಳಿದ ಮೇಲೆ, ಅರ್ಧಕ್ಕೆ ನಿಲ್ಲಿಸಬಾರದೆಂದು ಕಲ್ಲುಬೆಂಚಿನ ಮೇಲೆ ಕೂತು ಉಳಿದದ್ದನ್ನು ಫಲಶ್ರುತಿ ಸಮೇತ ಮುಗಿಸಿದಳು.

ಸಂಜೆಯಾಗುತ್ತಿತ್ತು. ಇನ್ನು ಬಾಕಿ ಇದ್ದದ್ದು ಮಸ್ಜಿದ್ ಸೆಲಾತ್, ಜಲಸಂಧಿಯ ಮಸೀದಿ. ತುಂಬಿಸಿದ ನೆಲದಾಚೆ ಮನುಷ್ಯರೇ ಮಾಡಿದ ದ್ವೀಪದ ತುದಿಯಲ್ಲಿ, ಕಂಬಗಳ ಮೇಲೆ, ನೀರಿನೊಳಗೆ ನಿಂತಿದೆ. ಭರತದ ಹೊತ್ತಿಗೆ ತೇಲಿದ ಹಾಗೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾವು ಹೋದದ್ದು ಇಳಿತದ ಹೊತ್ತಿಗೆ. ಕಂಬಗಳು ಮೊಣಕಾಲವರೆಗೆ ಸೀರೆ ಎತ್ತಿಕಟ್ಟಿದ ಹಾಗೆ ಕೆಸರಿನಲ್ಲಿ ನಿಂತಿದ್ದವು. ಒಳಗೆ ಹೋಗಲು ಕೊಟ್ಟ ನಿಲುವಂಗಿಯನ್ನು ಅಮ್ಮ ಸೀರೆಯ ಮೇಲೇ ತೊಟ್ಟು, ಜಗಲಿಯ ಕಟಾಂಜನ ಹಿಡಿದು, ಬಹಳ ಹೊತ್ತು ನೋಡಿದಳು. ಬಿಸಿಲು ತಗ್ಗಿತ್ತು. ನೀರಿನಲ್ಲಿ ಅಲೆಯೇ ಇಲ್ಲ. ದೂರದಲ್ಲಿ ಹಡಗಿನ ಸಾಲು.

"ಇದು ಹೊಳೆ," ಅಂದಳು.

"ಅಮ್ಮಾ, ಇದು ಮಲಕ್ಕಾ ಜಲಸಂಧಿ! ಆಚೆ ಸುಮಾತ್ರಾ!"

"ಸದ್ದೇ ಇಲ್ವಲ್ಲ. ನಮ್ಮ ಶರಾವತಿ ಇದಕ್ಕಿಂತ ಜೋರು."

ಇದನ್ನು ಸಾಬೀತುಮಾಡದೆ ವಾಪಸಾಗುವಂತಿರಲಿಲ್ಲ. ಹೊರಗೆ ಬಂದವನೇ ಬಾಟಲಿ ಹಿಡಿದು ದಡದ ಕಲ್ಲುಗಳ ಮೇಲೆ ಇಳಿದೆ. ಉಪ್ಪು ನೀರು ತಂದು ನಾಲಿಗೆಗೆ ಮುಟ್ಟಿಸಿಬಿಡುವುದು ಎಂದು. ಕೊನೆಯ ಕಲ್ಲು ಎಂದುಕೊಂಡದ್ದು ಕಲ್ಲಾಗಿರಲಿಲ್ಲ. ಬಲಗಾಲು ಮೀನಖಂಡದವರೆಗೆ ಕೆಸರಿಗಿಳಿಯಿತು. ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅಲ್ಬುಕರ್ಕನ ಹಡಗಿನ ಬಂಗಾರ ಸೇರಿದ ಈ ನೀರಿಗೆ ನನ್ನ ಕಡೆಯಿಂದಲೂ ಒಂದು ಜಮೆಯಾಯಿತು.

ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಮೇಲೆ ಬಂದು ಬಾಟಲಿ ಕೊಟ್ಟೆ. ಅಮ್ಮ ಬೆರಳದ್ದಿ ನಾಲಿಗೆಗೆ ಹಚ್ಚಿ, ಏನೂ ಹೇಳದೆ ಮುಚ್ಚಳ ಹಾಕಿದಳು. ಅಷ್ಟರಲ್ಲಿ ಅಳಿಯನ ಫೋನು. ಸ್ಪೀಕರಿಗೆ ಹಾಕಿದೆ.

"ಅಜ್ಜಿ, ಅಂತೂ ಸಮುದ್ರ ಸಿಕ್ತಾ?"

"ಸಿಕ್ತು ಅಪ್ಪಿ," ಅಂದಳು ಅಮ್ಮ. "ಮಧ್ಯಾಹ್ನ ಪಲ್ಯದಲ್ಲಿದ್ದದ್ದೇ ಜೋರಿತ್ತು."